‘ಹೆಣ್ಣಿನ ಬೆಳಕಿ’ಗೆ ಒಂದು ಬೆಳಗಿನ ಆಟ ಕೊಡಿ

ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವಕ್ಕೆ ಚಿತ್ರಗಳನ್ನು ಆರಿಸುವವರಿಗೆ, ಅದನ್ನು ನಡೆಸುವ ಕರ್ನಾಟಕ ಚಲನಚಿತ್ರ ಅಕಾಡೆಮಿಯವರಿಗೆ,

ನಮಸ್ಕಾರ.

ಒಂದು ಸಿನಿಮಾ ತೋರಿಸಿ ಅಂತ ಕೇಳುವುದಕ್ಕೆ ಈ ಪತ್ರ. ಹೊಸದಲ್ಲ, 1937ರದ್ದು. ಹಾಂಗ್‌ಕಾಂಗ್‌ನಲ್ಲಿ ದಕ್ಷಿಣ ಚೀನಾದ ಕ್ಯಾಂಟನೀಸ್ ಮಾತಿನಲ್ಲಿ ತೆಗೆದದ್ದು. ನಿರ್ದೇಶಕರು ಕೋ ಲೀ-ಹೆನ್, ನಾಯಕಿ ಲೀ ಯೀ-ನಿನ್. ಹೆಸರನ್ನು ಕನ್ನಡಕ್ಕೆ ತಂದರೆ ‘ಹೆಣ್ಣಿನ ಬೆಳಕು’ ಅನ್ನಬಹುದು. ಹೆಣ್ಣು ತನ್ನ ಕಾಲ ಮೇಲೆ ತಾನು ನಿಲ್ಲುವುದೇ ಅದರ ವಿಷಯ. ಅದಕ್ಕಿಂತ ಜಾಸ್ತಿ ಕಥೆ ಹೇಳುವುದಿಲ್ಲ. ಎಲ್ಲ ನಾನೇ ಹೇಳಿಬಿಟ್ಟರೆ ನೀವು ತೋರಿಸುವುದೇನು?

ಮೊದಲೇ ಹೇಳಿಬಿಡುತ್ತೇನೆ, ನಾನು ಈ ಚಿತ್ರ ನೋಡಿಲ್ಲ. ನೋಡಿದ್ದರೆ ಸುಮ್ನೆ ಮನೆಯಲ್ಲಿ ಕೂತು ವಿಮರ್ಶೆ ಬರೆಯುತ್ತಿದ್ದೆ. ನಿಮ್ಮ ಬಾಗಿಲು ತಟ್ಟುತ್ತಿರಲಿಲ್ಲ. ಈ ಚಿತ್ರ ಏನು ಹೇಳುತ್ತೆ ಅನ್ನುವುದರಷ್ಟೇ, ಅದು ಎಲ್ಲಿಂದ ವಾಪಸ್ ಬಂತು ಅನ್ನುವುದೂ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಅದಕ್ಕೆ ಕಾರಣ ನನ್ನ ಅಪ್ಪ.

ನಾನು ಆಪರೇಟರ್ ಮಗಳು. ಅಪ್ಪ ತುಮಕೂರು ಜಿಲ್ಲೆಯ ಊರೂರಲ್ಲಿ ಟೂರಿಂಗ್ ಟಾಕೀಸಿನ ಪ್ರೊಜೆಕ್ಟರ್ ಓಡಿಸುತ್ತಿದ್ದವರು. ಫಿಲಂ ಡಬ್ಬಗಳು ಗಾಂಧಿನಗರದಿಂದ ಬಸ್ಸಿನ ಟಾಪ್ ಮೇಲೆ ಬರುತ್ತಿದ್ದವು. ಬೆಂಗಳೂರಲ್ಲಿ ನೂರು ದಿನ ಓಡಿ, ಜಿಲ್ಲಾ ಕೇಂದ್ರದಲ್ಲಿ ಓಡಿ, ತಾಲೂಕಿನ ಥಿಯೇಟರ್ ಮುಗಿಸಿ, ಇನ್ನು ಯಾರಿಗೂ ಬೇಡ ಅಂದಾಗ ನಮ್ಮ ಟೆಂಟಿಗೆ. ಅಷ್ಟು ಹೊತ್ತಿಗೆ ಚಿತ್ರದ ತುಂಬ ಮಳೆ ಸುರಿದ ಹಾಗೆ ಗೆರೆಗಳು. ಒಳಾಂಗಣದ ದೃಶ್ಯದಲ್ಲೂ ಮಳೆ. ರೀಲು ಕಟ್ಟಾದರೆ ಶಿಳ್ಳೆ. ಅಪ್ಪ ಬ್ಲೇಡಿನಿಂದ ಫಿಲಂ ಅಂಚು ಕೆರೆದು, ಸೊಲ್ಯೂಷನ್ ಹಚ್ಚಿ, ಎರಡು ಬೆರಳಿನ ನಡುವೆ ಒತ್ತಿ ಹಿಡಿದು ಹತ್ತು ಎಣಿಸುತ್ತಿದ್ದರು. ಆ ಹತ್ತು ಎಣಿಸುವಷ್ಟರಲ್ಲಿ ಇಡೀ ಟೆಂಟು ನಮ್ಮ ಅಜ್ಜಿಯನ್ನು ನೆನೆಸಿಕೊಂಡು ಬಿಡುತ್ತಿತ್ತು!

ಹಾಗೆ ಕತ್ತರಿಸಿ ಬಿದ್ದ ತುಂಡುಗಳೆಲ್ಲ ಮಕ್ಕಳ ಪಾಲು. ಸುಟ್ಟುಹೋದ ಬಲ್ಬಿನ ಹೊಟ್ಟೆ ಖಾಲಿ ಮಾಡಿ, ನೀರು ತುಂಬಿ, ಅಂಗಳದಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ನಡುಮನೆಗೆ ಹಾಯಿಸಿ, ಅಪ್ಪನ ಪಂಚೆ ಮೇಲೆ ಸಿನಿಮಾ ಬಿಡುತ್ತಿದ್ದೆವು. ಚಿತ್ರ ತಲೆಕೆಳಗಾಗಿ ಬೀಳುತ್ತಿತ್ತು. ಹಾಗಾದರೆ ತುಂಡನ್ನೇ ತಲೆಕೆಳಗಾಗಿ ಹಿಡಿಯಬೇಕು ಅಂತ ಹೊಳೆಯುವುದಕ್ಕೆ ನಮಗೆ ಒಂದಿಡೀ ಬೇಸಿಗೆ ರಜೆ ಬೇಕಾಯಿತು.

ಅಪ್ಪ ಒಂದು ಮಾತು ಹೇಳುತ್ತಿದ್ದರು. ಕೊನೇ ಊರಿಗೆ ಬಂದ ಪ್ರಿಂಟಿಗೆ ವಾಪಸ್ ಹೋಗುವ ಅವಸರ ಇರುವುದಿಲ್ಲ. ಸಾಗಿಸುವ ಖರ್ಚು ಪ್ರಿಂಟಿನ ಬೆಲೆಗಿಂತ ಹೆಚ್ಚು. ಆದ್ದರಿಂದ ಅದು ಎಲ್ಲಿ ಸುಸ್ತಾಗಿ ಕೂತಿತೋ ಅಲ್ಲೇ ಉಳಿದುಬಿಡುತ್ತೆ. ಇದು ಬರೀ ನಮ್ಮ ಕಡೆಯ ಕಥೆಯಲ್ಲ. ಕೆನಡಾದ ವಾಯವ್ಯ ಮೂಲೆಯಲ್ಲಿ ಡಾಸನ್ ಸಿಟಿ ಅಂತ ಒಂದು ಚಿನ್ನದ ಗಣಿಯ ಊರು. 1978ರಲ್ಲಿ ಅಲ್ಲಿ ಹಳೆಯ ಈಜುಕೊಳ ಮುಚ್ಚಿದ್ದ ಜಾಗ ಅಗೆದರೆ 500ಕ್ಕೂ ಹೆಚ್ಚು ಮೂಕಿ ಚಿತ್ರದ ರೀಲುಗಳು ಸಿಕ್ಕವು. ಹಾಲಿವುಡ್‌ನಿಂದ ಹೊರಟ ಚಿತ್ರಗಳಿಗೆ ಅದೇ ಕೊನೇ ಊರು. ವಾಪಸ್ ಕಳಿಸಿ ಅಂತ ಯಾರೂ ಕೇಳಿರಲಿಲ್ಲ.

‘ಹೆಣ್ಣಿನ ಬೆಳಕಿ’ಗೆ ಕೊನೇ ಊರು ಸ್ಯಾನ್‌ಫ್ರಾನ್ಸಿಸ್ಕೋ.

ಹುಟ್ಟಿದ ಊರಿನಲ್ಲಿ ಅದು ಉಳಿಯುವ ಹಾಗೇ ಇರಲಿಲ್ಲ. ಆಗಿನ ಫಿಲಂ ನೈಟ್ರೇಟ್. ಬೆಂಕಿ ಹತ್ತಿತೆಂದರೆ ನೀರಲ್ಲಿ ಮುಳುಗಿಸಿದರೂ ಉರಿಯುವ ಜಾತಿ. ಬೆಂಕಿ ಬೀಳದಿದ್ದರೂ ಹಾಂಗ್‌ಕಾಂಗ್‌ನಂಥ ಸೆಕೆ, ತೇವದ ಊರಿನಲ್ಲಿ ಮೊದಲು ಅಂಟಂಟಾಗಿ, ಆಮೇಲೆ ಕಂದು ಬಣ್ಣದ ಪುಡಿಯಾಗಿ ಮುಗಿದುಹೋಗುತ್ತೆ. ಅದರ ಮೇಲೆ ಯುದ್ಧ. 1941ರ ಡಿಸೆಂಬರ್ 25ರಂದು, ಕ್ರಿಸ್‌ಮಸ್ ದಿನ, ಹಾಂಗ್‌ಕಾಂಗ್ ಜಪಾನಿನ ಸೇನೆಗೆ ಶರಣಾಯಿತು. ಮೂರು ವರ್ಷ ಎಂಟು ತಿಂಗಳು ಜಪಾನಿನ ಆಳ್ವಿಕೆ. ಯುದ್ಧಕ್ಕೆ ಮುಂಚೆ ಅಲ್ಲಿ ನೂರಾರು ಕ್ಯಾಂಟನೀಸ್ ಚಿತ್ರಗಳು ತಯಾರಾಗಿದ್ದವು. ಯುದ್ಧ ಮುಗಿಸಿಕೊಂಡು ನಮ್ಮ ಕಾಲದವರೆಗೆ ಬಂದವು ಬಹಳ ಕಡಿಮೆ.

ಆದರೆ ಆ ಚಿತ್ರಗಳ ಪ್ರಿಂಟುಗಳು ಯುದ್ಧಕ್ಕೆ ಮುಂಚೆಯೇ ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿದ್ದವು. ಸ್ಯಾನ್‌ಫ್ರಾನ್ಸಿಸ್ಕೋದ ಚೈನಾಟೌನಿನಲ್ಲಿ, ಅಂದರೆ ಚೀನೀಯರ ಕೇರಿಯಲ್ಲಿ, 1920ರ ದಶಕದಿಂದಲೇ ಕ್ಯಾಂಟನೀಸ್ ನಾಟಕಕ್ಕೆಂದು ಕಟ್ಟಿದ ಥಿಯೇಟರುಗಳಿದ್ದವು. ಮುಂದೆ ಅವೇ ಸಿನಿಮಾವನ್ನೂ ಹಾಕತೊಡಗಿದವು. ದಶಕಗಳು ಕಳೆದವು. ಅದೇ ಊರಿನ ಪ್ಯಾಲೇಸ್ ಥಿಯೇಟರಿನ ಮಾಲೀಕರ ಬಳಿ ಯುದ್ಧಪೂರ್ವದ, ಯುದ್ಧದ ಆಸುಪಾಸಿನ ಹಳೇ ಪ್ರಿಂಟುಗಳ ರಾಶಿ ಉಳಿದಿತ್ತು. 2012ರಲ್ಲಿ ಅವರು ಅದನ್ನು ಹಾಂಗ್‌ಕಾಂಗ್ ಫಿಲಂ ಆರ್ಕೈವ್‌ಗೆ ಕೊಟ್ಟರು. ಅದರಲ್ಲಿ ಈ ಚಿತ್ರವೂ ಒಂದು. ತಂಪು ಹವೆಯ ಊರು, ಮೇಲಾಗಿ ಎಸೆಯದ ಮನುಷ್ಯ. ಸಿನಿಮಾ ಉಳಿಯುವುದಕ್ಕೆ ಇಷ್ಟು ಸಾಕು ನೋಡಿ.

ಇನ್ನು ಅಲ್ಲಿ ಅದನ್ನು ನೋಡಿದವರು ಯಾರು ಅಂತ ಯೋಚನೆ ಮಾಡಿ. ಚೀನೀ ಕೂಲಿಗಳು ಬರಬಾರದು ಅಂತ ಅಮೆರಿಕ 1882ರಲ್ಲಿ ಕಾನೂನು ಮಾಡಿತು. ಅದು ರದ್ದಾದದ್ದು 1943ರಲ್ಲಿ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು ಬಹಳ ಜನಕ್ಕೆ ಆಗದ ಮಾತು. ಹಾಗಾಗಿ ಚೈನಾಟೌನ್ ಎಂದರೆ ಎಷ್ಟೋ ವರ್ಷ ಹೆಚ್ಚುಪಾಲು ಗಂಡಸರ ಊರು. ಲಾಂಡ್ರಿಯವರು, ಅಡುಗೆಯವರು, ಅಂಗಡಿಯವರು. ಕ್ಯಾಂಟನ್ ಕಡೆಯ ಹಳ್ಳಿಗಳಲ್ಲಿ ಅಮೆರಿಕವನ್ನು ‘ಗಮ್ ಸಾನ್’ ಅನ್ನುತ್ತಿದ್ದರು, ಚಿನ್ನದ ಬೆಟ್ಟ. ಬೆಟ್ಟಕ್ಕೆ ಹೋದ ಗಂಡ ದುಡ್ಡು ಕಳಿಸುತ್ತಾನೆ, ಊರಲ್ಲಿ ಹೆಂಡತಿ ಅತ್ತೆ ಮಾವನ ಜೊತೆ ಇರುತ್ತಾಳೆ. ಹತ್ತು ವರ್ಷಕ್ಕೊಮ್ಮೆ ಬಂದರೆ ಬಂದ. ಅಂಥ ಗಂಡಸರು ರಾತ್ರಿ ಕೆಲಸ ಮುಗಿಸಿ ಬಂದು ಕೂರುವ ಥಿಯೇಟರಿನಲ್ಲಿ, ಹೆಣ್ಣು ಯಾರ ಹಂಗೂ ಇಲ್ಲದೆ ಬದುಕಬೇಕು ಅನ್ನುವ ಚಿತ್ರ ಬಿಟ್ಟರೆ ಹೇಗಿರುತ್ತೆ? ನಕ್ಕರೋ, ಊರಲ್ಲಿ ಬಿಟ್ಟು ಬಂದವಳ ನೆನಪಾಗಿ ಸುಮ್ಮನಾದರೋ! ನನಗಂತೂ ಪರದೆಗಿಂತ ಆ ಬೆಂಚುಗಳ ಕಡೆಗೇ ಕಣ್ಣು ಹೋಗುತ್ತೆ. ಆಪರೇಟರ್ ಮಕ್ಕಳ ಚಾಳಿ ಇದು. ನಾವು ಸಿನಿಮಾ ನೋಡಿದ್ದು ಕಿಂಡಿಯಿಂದ, ಜನರ ತಲೆಗಳ ಮೇಲಿನಿಂದ.

1937ರಲ್ಲಿ ಹಾಂಗ್‌ಕಾಂಗ್‌ನಲ್ಲಿ ‘ಸ್ವಂತ ಕಾಲು’ ಅನ್ನುವುದು ಸುಮ್ಮನೆ ಆಡುವ ಮಾತಾಗಿರಲಿಲ್ಲ. ಬ್ರಿಟಿಷರ ಆಳ್ವಿಕೆ ಇತ್ತು, ನಿಜ. ಆದರೆ ಮದುವೆ, ಮನೆತನದ ವಿಷಯಕ್ಕೆ ಬಂದರೆ ಚೀನೀಯರಿಗೆ ಹಳೇ ಚಿಂಗ್ ರಾಜರ ಕಾಲದ ಕಟ್ಟಳೆಯನ್ನೇ ನಡೆಯಲು ಬಿಟ್ಟಿದ್ದರು. ಗಂಡಸು ಹೆಂಡತಿಯ ಜೊತೆಗೆ ಉಪಪತ್ನಿಯರನ್ನು ಮನೆಗೆ ತರುವುದು ಅಲ್ಲಿ ಕಾನೂನುಬದ್ಧ. ಅದು ನಿಂತದ್ದು ಯಾವಾಗ ಗೊತ್ತೇ? 1971ರ ಅಕ್ಟೋಬರ್ 7ರಂದು. ಈ ಸಿನಿಮಾ ಬಂದು 34 ವರ್ಷ ಆದಮೇಲೆ. ನಾನು ಮೊದಲ ಸಲ ಓದಿದಾಗ ಅಚ್ಚಿನ ತಪ್ಪಿರಬೇಕು ಅಂದುಕೊಂಡಿದ್ದೆ.

ಹಾಗಂತ ಆ ಸೀಮೆಯ ಹೆಂಗಸರು ಸಿನಿಮಾ ಬಂದು ಹೇಳಿಕೊಡಲಿ ಅಂತ ಕಾಯುತ್ತಾ ಕೂತಿರಲಿಲ್ಲ. ಕ್ಯಾಂಟನ್ ಹತ್ತಿರ ಪರ್ಲ್ ನದಿ ಸಮುದ್ರ ಸೇರುವ ಕಡೆ ಶುಂಡೆ ಅಂತ ಒಂದು ನಾಡು. ರೇಷ್ಮೆಯ ನಾಡು. ನಮ್ಮ ರಾಮನಗರ, ಶಿಡ್ಲಘಟ್ಟದವರಿಗೆ ಹೇಳಬೇಕಾಗಿಲ್ಲ, ಗೂಡು ಬೇಯಿಸಿ ನೂಲು ತೆಗೆಯುವುದಕ್ಕೆ ಎಂಥ ನಾಜೂಕಿನ ಕೈ ಬೇಕು ಅಂತ. ಅಲ್ಲಿನ ರೇಷ್ಮೆ ಕಾರ್ಖಾನೆಗಳಲ್ಲಿ ದುಡಿದ ಹುಡುಗಿಯರ ಕೈಯಲ್ಲಿ ಕಾಸು ಆಡಿತು. ಅವರಲ್ಲಿ ಎಷ್ಟೋ ಜನ ಮದುವೆಯೇ ಬೇಡ ಅಂತ ಶಪಥ ಮಾಡಿದರು. ಆ ಕಡೆ ಮದುವೆಯ ಹೊತ್ತಿಗೆ ಹುಡುಗಿಯ ಜಡೆ ಬಿಚ್ಚಿ, ಬಾಚಿ, ತುರುಬು ಕಟ್ಟುವುದು ಒಂದು ಶಾಸ್ತ್ರ. ಬಾಚುವವರು ಮನೆಯ ಹಿರಿಯ ಹೆಂಗಸು. ಈ ಹುಡುಗಿಯರು ಬಾಚಣಿಗೆಯನ್ನು ತಾವೇ ಕೈಗೆ ತೆಗೆದುಕೊಂಡರು. ತಮ್ಮ ಕೂದಲನ್ನು ತಾವೇ ಬಾಚಿಕೊಂಡರು. ಅಲ್ಲಿಗೆ ಮುಗಿಯಿತು, ಇನ್ನು ಗಂಡು ನೋಡುವ ಹಾಗಿಲ್ಲ. ಅವರ ಹೆಸರೇ ‘ತಾನೇ ಬಾಚಿಕೊಂಡವಳು’ ಅಂತ. ಮದುವೆಯಾಗದವಳು ತವರಲ್ಲಿ ಸಾಯಬಾರದು ಅನ್ನುವ ನಂಬಿಕೆ ಇತ್ತು. ಅದಕ್ಕೂ ಅವರೇ ದಾರಿ ಹುಡುಕಿದರು. ದುಡ್ಡು ಒಟ್ಟು ಹಾಕಿ ತಮ್ಮದೇ ಮನೆ ಮಾಡಿಕೊಂಡು ವಯಸ್ಸಾದ ಮೇಲೆ ಅಲ್ಲಿ ಸೇರಿದರು. 1930ರ ದಶಕದಲ್ಲಿ ರೇಷ್ಮೆ ಬೆಲೆ ಬಿದ್ದಾಗ ಅವರಲ್ಲಿ ಎಷ್ಟೋ ಜನ ಹಾಂಗ್‌ಕಾಂಗ್‌ಗೆ, ಸಿಂಗಪುರಕ್ಕೆ ಮನೆಗೆಲಸಕ್ಕೆ ಹೋದರು. ಅಂದರೆ ಈ ಚಿತ್ರ ತೆರೆ ಕಂಡ ಕಾಲಕ್ಕೆ ಹಾಂಗ್‌ಕಾಂಗ್‌ನ ಸಾಹುಕಾರರ ಅಡುಗೆಮನೆಗಳಲ್ಲೇ, ಬಿಳಿ ಅಂಗಿ ಕಪ್ಪು ಷರಾಯಿ ತೊಟ್ಟು, ಯಾರ ಹೆಂಡತಿಯೂ ಅಲ್ಲದ ಹೆಂಗಸರು ದುಡಿಯುತ್ತಿದ್ದರು.

ಇದಕ್ಕೂ ಮುಂಚೆ, 1923ರ ಡಿಸೆಂಬರಿನಲ್ಲಿ, ಲೇಖಕ ಲೂ ಶುನ್ ಬೀಜಿಂಗಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಒಂದು ಭಾಷಣ ಮಾಡಿದರು. ಇಬ್ಸೆನ್ ನಾಟಕದ ನೋರಾ ಗಂಡನ ಮನೆಯ ಬಾಗಿಲು ಎಳೆದುಕೊಂಡು ಹೊರಟಳಲ್ಲ, ಆಮೇಲೆ ಏನಾದಳು ಅನ್ನುವುದು ಅವರ ಪ್ರಶ್ನೆ. ಚೀನಾದಲ್ಲಿ ಆಗ ಎಲ್ಲರೂ ನೋರಾಗೆ ಚಪ್ಪಾಳೆ ಹೊಡೆಯುತ್ತಿದ್ದ ಕಾಲ. ಇವರು ಮಾತ್ರ ಕೈಚೀಲದಲ್ಲಿ ಏನಿತ್ತು ಅಂತ ಕೇಳಿದರು. ಬರೀ ಎಚ್ಚೆತ್ತ ಮನಸ್ಸು ಇಟ್ಟುಕೊಂಡು ಹೊರಟರೆ ಸಾಲದು, ದುಡ್ಡು ಬೇಕು, ಇಲ್ಲದಿದ್ದರೆ ಒಂದೋ ಹಾಳಾಗಬೇಕು ಇಲ್ಲವೇ ವಾಪಸ್ ಬರಬೇಕು ಅಂದರು.

ಇದನ್ನು ಓದಿದಾಗ ನನಗೆ ಅಮ್ಮನ ಸಂಚಿ ನೆನಪಾಯಿತು. ಅಪ್ಪನ ಟೆಂಟಿನಲ್ಲೇ ಹೆಂಗಸರ ಕಡೆ ಅಮ್ಮ ಇಂಟರ್ವಲ್‌ಗೆ ಕಡಲೆಕಾಯಿ, ನಿಪ್ಪಟ್ಟು ಮಾರುತ್ತಿದ್ದರು. ಆ ಕಾಸು ಸೊಂಟದ ಸಂಚಿಗೆ. ಅಪ್ಪನ ಸಂಬಳದ ಲೆಕ್ಕ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಂಚಿಯ ಲೆಕ್ಕ ಯಾರಿಗೂ ಗೊತ್ತಿರಲಿಲ್ಲ. ನಾನು ಪಿಯುಸಿಗೆ ಸೇರಿದ ದಿನ ಫೀಸು ಬಂದದ್ದು ಸಂಚಿಯಿಂದ. ಅಮ್ಮನಿಗೆ ಈಗ 84. ನೋರಾ ಕಥೆ ಹೇಳಿದೆ. ‘ಆ ಹುಡುಗಿ ಮೊದಲೇ ಒಂದಿಷ್ಟು ಎತ್ತಿಟ್ಟುಕೊಂಡು ಹೊರಡಬಾರದಿತ್ತಾ’ ಅಂದರು.

ಅಮ್ಮನಿಗೂ ಈ ಸಿನಿಮಾ ತೋರಿಸಬೇಕು. ಅದಕ್ಕೇ ಇನ್ನೊಂದು ಕೋರಿಕೆ. ಅಡಿಬರಹ ಕನ್ನಡದಲ್ಲಿ ಇರಲಿ. ಸಾಲುಗಳು ಚಿಕ್ಕದಿರಲಿ, ಅಮ್ಮ ನಿಧಾನಕ್ಕೆ ಓದುತ್ತಾರೆ. ಇದು ಬರೀ ಅಮ್ಮನ ಅನುಕೂಲದ ಮಾತು ಅಂದುಕೊಳ್ಳಬೇಡಿ. ಕ್ಯಾಂಟನೀಸ್ ಸಿನಿಮಾ ತನ್ನ ಮಾತು ಉಳಿಸಿಕೊಂಡದ್ದೇ ಒಂದು ಕಥೆ. 1933ರಲ್ಲಿ ಆ ಮಾತಿನಲ್ಲಿ ಟಾಕಿಗಳು ಶುರುವಾದವು. ಜನ ಮುಗಿಬಿದ್ದರು. ಆದರೆ ನಾನ್‌ಜಿಂಗ್‌ನಲ್ಲಿದ್ದ ಚೀನಾ ಸರ್ಕಾರಕ್ಕೆ ದೇಶಕ್ಕೆಲ್ಲ ಒಂದೇ ಮಾತು ಇರಬೇಕು ಅನ್ನುವ ಆಸೆ. ಸಿನಿಮಾ ಆ ಒಂದು ಮಾತನ್ನೇ ಆಡಲಿ, ಕ್ಯಾಂಟನೀಸ್ ಬೇಡ ಅಂತ 1936-37ರಲ್ಲಿ ನಿಷೇಧಕ್ಕೇ ಕೈ ಹಾಕಿತು. 1937ರ ಜುಲೈನಲ್ಲಿ ಜಪಾನ್ ಯುದ್ಧ ಶುರುವಾಗಿ ಆ ನಿಷೇಧ ಹಿಂದೆ ಸರಿಯಿತು. ‘ಹೆಣ್ಣಿನ ಬೆಳಕು’ ಅದೇ ವರ್ಷದ ಚಿತ್ರ. ತನ್ನ ಮಾತನ್ನು ಬಿಡು ಅಂತ ಮೇಲಿನಿಂದ ಹೇಳಿಸಿಕೊಳ್ಳುತ್ತಿದ್ದ ಸಿನಿಮಾವನ್ನು ಬೆಂಗಳೂರಿನಲ್ಲಿ ಇಂಗ್ಲಿಷ್‌ನಲ್ಲಿ ಮಾತ್ರ ಓದಿಕೊಂಡು ನೋಡುವುದು ಯಾಕೋ ಸರಿಹೋಗುವುದಿಲ್ಲ, ಅಲ್ವಾ?

ಜೊತೆಗೆ, ಸಾಧ್ಯವಾದರೆ, ಎಸ್ತರ್ ಎಂಗ್ ಬಗ್ಗೆ ಪರದೆಯ ಮುಂದೆ ಯಾರಾದರೂ ಹತ್ತು ನಿಮಿಷ ಮಾತಾಡಲಿ. ಇವರು 1914ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲೇ ಹುಟ್ಟಿದ ಕ್ಯಾಂಟನೀಸ್ ಮನೆಯ ಹುಡುಗಿ. ನಾಟಕದ ಹುಚ್ಚು. ಇಪ್ಪತ್ತೆರಡರ ಆಸುಪಾಸಿನಲ್ಲಿ ತಾವು ನಿರ್ಮಿಸಿದ ಮೊದಲ ಚಿತ್ರದ ಡಬ್ಬ ಹಿಡಿದು ಹಾಂಗ್‌ಕಾಂಗ್‌ಗೆ ಹೋದರು. ಅಲ್ಲೇ ನಿಂತು ನಿರ್ದೇಶಕಿಯಾದರು. ಮೊದಲ ಚಿತ್ರ 1937ರದ್ದು, ಯುದ್ಧಕ್ಕೆ ಹೋಗುವ ಹೆಣ್ಣಿನ ಕಥೆ. 1939ರಲ್ಲಿ ಮಾಡಿದ ಒಂದು ಚಿತ್ರದಲ್ಲಂತೂ 36 ಜನ ನಟಿಯರು, ಗಂಡು ಪಾತ್ರವೇ ಇಲ್ಲ. ಕೂದಲು ಗಿಡ್ಡ, ತೊಡುತ್ತಿದ್ದದ್ದು ಗಂಡಸರ ಉಡುಪು. ಸಿನಿಮಾದವರು ಅವರನ್ನು ಕರೆಯುತ್ತಿದ್ದದ್ದು ‘ಹಾ ಅಣ್ಣ’ ಅಂತ, ‘ಹಾ’ ಅವರ ಚೀನೀ ಹೆಸರಿನ ಕೊನೇ ತುಂಡು. ಆಮೇಲೆ ವಾಪಸ್ ಬಂದು ಹುಟ್ಟಿದ ಊರಿನಲ್ಲೇ 1941ರಲ್ಲಿ ಮಾಡಿದ ಚಿತ್ರದಲ್ಲಿ ಒಂದು ಹಸುಗೂಸಿನ ಪಾತ್ರ ಇದೆ, ಹೆಣ್ಣುಮಗು. ಆಡಿದ ಕೂಸು ಯಾರು ಅಂದುಕೊಂಡಿರಿ? ಬ್ರೂಸ್ ಲೀ. ಅವರಪ್ಪ ಕ್ಯಾಂಟನೀಸ್ ನಾಟಕದ ಕಲಾವಿದ, ಆಗ ಅಮೆರಿಕದ ಕ್ಯಾಂಪಿನಲ್ಲಿದ್ದರು.

ಆ 36 ಹೆಂಗಸರ ಚಿತ್ರ ಈಗ ಎಲ್ಲೂ ಇಲ್ಲ. ಎಸ್ತರ್ ಎಂಗ್ ಮಾಡಿದ್ದರಲ್ಲಿ ಹೆಚ್ಚಿನವು ಇಲ್ಲ. ಅವರು ಮುಂದೆ ನ್ಯೂಯಾರ್ಕಿನಲ್ಲಿ ಹೋಟೆಲ್ ನಡೆಸುತ್ತಾ 1970ರಲ್ಲಿ ತೀರಿಕೊಂಡರು. ಎಷ್ಟೋ ವರ್ಷದ ಮೇಲೆ ಸ್ಯಾನ್‌ಫ್ರಾನ್ಸಿಸ್ಕೋ ಕಡೆ ಒಂದು ಕಸದ ತೊಟ್ಟಿಯಲ್ಲಿ ಅವರ ಫೋಟೋ ಆಲ್ಬಮ್‌ಗಳು ಸಿಕ್ಕವು. ಆ ಫೋಟೋಗಳ ಜಾಡು ಹಿಡಿದು ಹಾಂಗ್‌ಕಾಂಗ್‌ನ ಲೂಯಿಸಾ ವೇ 2013ರಲ್ಲಿ ಸಾಕ್ಷ್ಯಚಿತ್ರ ಮಾಡಿದರು. ಸಿನಿಮಾ ಹೋಗಿ ಅದರ ಫೋಟೋ ಉಳಿಯುವುದೆಂದರೆ, ಊಟ ಮುಗಿದ ಮೇಲೆ ಬರೀ ಎಲೆ ನೋಡಿದ ಹಾಗೆ. ಆದರೂ ಎಲೆಯಾದರೂ ಉಳಿದಿದೆಯಲ್ಲ.

ನಮ್ಮ ಕಡೆ ನೋಡಿ. 1934ರ ಮಾರ್ಚ್ 3ರಂದು ಬಿಡುಗಡೆಯಾದ ‘ಸತಿ ಸುಲೋಚನ’ ಕನ್ನಡದ ಮೊದಲ ಟಾಕಿ. ಕೊಲ್ಹಾಪುರದಲ್ಲಿ ತೆಗೆದದ್ದು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನ. ಇಷ್ಟೆಲ್ಲ ನಮಗೆ ಬಾಯಿಪಾಠ ಇದೆ. ಪ್ರಿಂಟು ಮಾತ್ರ ಇಲ್ಲ. ಸುಲೋಚನ ಹೇಗೆ ಮಾತಾಡಿದಳು ಅಂತ ಈಗ ಕೇಳುವ ಹಾಗಿಲ್ಲ.

ಅದು ಸಿಕ್ಕೇ ಸಿಗುತ್ತೆ ಅಂತ ನಾನು ಹೇಳುವುದಿಲ್ಲ. ನೈಟ್ರೇಟ್ ಫಿಲಂ, ನಮ್ಮ ಸೆಕೆ, ತೊಂಬತ್ತು ವರ್ಷ. ಆದರೆ ಹುಡುಕುವ ಜಾಗ ಯಾವುದು ಅಂತ ಸ್ಯಾನ್‌ಫ್ರಾನ್ಸಿಸ್ಕೋ ತೋರಿಸಿಕೊಟ್ಟಿದೆ. ಎಲ್ಲಿ ಚಿತ್ರ ಹುಟ್ಟಿತೋ ಅಲ್ಲಲ್ಲ, ಎಲ್ಲಿ ಅದರ ಓಟ ನಿಂತಿತೋ ಅಲ್ಲಿ. ಮುಚ್ಚಿಹೋದ ಟೆಂಟುಗಳ ಮಾಲೀಕರ ಅಟ್ಟ, ಆಪರೇಟರುಗಳ ಟ್ರಂಕು, ಸಿನಿಮಾ ಹಾಲ್ ಕೆಡವಿ ಕಲ್ಯಾಣಮಂಟಪ ಕಟ್ಟಿದವರ ಗೋಡೌನು. ಅಲ್ಲೆಲ್ಲ ಸಿಗುವುದು ಹೆಚ್ಚಾಗಿ ಅರವತ್ತು ಎಪ್ಪತ್ತರ ದಶಕದ್ದು ಇರಬಹುದು. ಇರಲಿ. ಅದರಲ್ಲೂ ಹೋದದ್ದು ಎಷ್ಟೋ ಇದೆ.

ಉತ್ಸವಕ್ಕೆ ರಾಜ್ಯದ ಎಲ್ಲ ಕಡೆಯಿಂದ ಜನ ಬರುತ್ತಾರೆ. ‘ಹೆಣ್ಣಿನ ಬೆಳಕು’ ತೋರಿಸುವ ದಿನ ಹೊರಗೆ ಒಂದು ಮೇಜು ಹಾಕಿ. ‘ಹಳೇ ಫಿಲಂ ಇದ್ದರೆ ಹೇಳಿ’ ಅಂತ ಒಂದು ಬೋರ್ಡು. ಫಿಲಂ ಗೊತ್ತಿರುವ ಒಬ್ಬರು ಕೂತಿರಲಿ. ತರಿಸಿಕೊಳ್ಳುವ ಅವಸರ ಬೇಡ, ನೈಟ್ರೇಟ್ ಇದ್ದರೆ ಬಸ್ಸಿನಲ್ಲಿ ತರುವುದೇ ಅಪಾಯ. ಮೊದಲು ಹೆಸರು, ಊರು ಬರೆದುಕೊಳ್ಳಲಿ. ಡಬ್ಬದ ಮೇಲೆ ಏನು ಬರೆದಿದೆ, ಮುಚ್ಚಳ ತೆಗೆದರೆ ಹುಳಿ ವಾಸನೆ ಬರುತ್ತಾ ಅಂತ ಕೇಳಲಿ. ಆಮೇಲೆ ಹೋಗಿ ನೋಡಿದರಾಯಿತು. ಇದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ. ಒಂದು ನೋಟ್‌ಬುಕ್, ಒಂದು ಪೆನ್ನು, ಬೈಯದೆ ಕೇಳಿಸಿಕೊಳ್ಳುವ ಒಬ್ಬ ಮನುಷ್ಯ.

ಆ ನೋಟ್‌ಬುಕ್ಕಿನಲ್ಲಿ ಮೊದಲ ಹೆಸರು ನನ್ನದು ಬರೆದುಕೊಳ್ಳಿ. ಅಪ್ಪ ಹೋದ ಮೇಲೆ ಅಟ್ಟದ ಮೇಲೆ ಒಂದು ಡಬ್ಬ ಸಿಕ್ಕಿತು. ಲೇಬಲ್ಲನ್ನು ಹುಳ ತಿಂದಿದೆ. ಅಪ್ಪನ ಕೈಬರಹದಲ್ಲಿ ‘ರೀಲು 7’ ಅಂತ ಮಾತ್ರ ಓದಲು ಬರುತ್ತೆ. ಮುಚ್ಚಳ ತುಕ್ಕು ಹಿಡಿದು ಕೂತಿದೆ. ತಮ್ಮ ಸ್ಕ್ರೂಡ್ರೈವರ್ ತಂದಿದ್ದ, ನಾನು ಬೇಡ ಅಂದೆ. ಗೊತ್ತಿರುವವರು ಬಂದು ತೆಗೆಯಲಿ ಅಂತ ಹಾಗೇ ಇಟ್ಟಿದ್ದೇನೆ.

ಬೆಳಗಿನ ಆಟ ಆದರೆ ಒಳ್ಳೆಯದು. ಅಮ್ಮ ಸಂಜೆಯ ಬಸ್ಸಿಗೆ ತಿಪಟೂರಿಗೆ ವಾಪಸ್ ಹೋಗಬೇಕು.

ಇಂತಿ,
ಒಬ್ಬ ಆಪರೇಟರ್ ಮಗಳು